ಬಡಗಿಯ ದೋಣಿಗೆ ಬಿದ್ದ ಗರಗಸ

ಹೊಳೆಯ ನಟ್ಟನಡುವೆ ಹೊಸ ಮೋಟಾರು ಕೀರಲು ದನಿಯಲ್ಲಿ ಅರಚಿತು. ಸುಟ್ಟ ವಾಸನೆ ಬಂತು, ಸದ್ದು ನಿಂತಿತು. ದೋಣಿ ಸೆಳವಿನ ಜೊತೆ ಮುರಿದ ಹಳೆ ಸೇತುವೆಯ ಕಂಬಗಳತ್ತ ಜಾರತೊಡಗಿತು.

ಆ ದೋಣಿ ಕಟ್ಟಿದ ಬಡಗಿ ಮುಂದುಗಡೆಯೇ ಕೂತಿದ್ದ. ಮೋಟಾರು ನಡೆಸುತ್ತಿದ್ದವಳು ಅವನ ಮಗಳು. ನಡುವೆ ಆಚೆ ದಡಕ್ಕೆ ಹೊರಟ ಜನ: ಹೊಲಿಗೆಯಂತ್ರ ತಬ್ಬಿಕೊಂಡ ದರ್ಜಿಯಮ್ಮ, ಕೂಸನ್ನು ಎದೆಗೆ ಅವಚಿಕೊಂಡ ತಾಯಿ. ಅಪ್ಪ ಮಗಳು ಇಬ್ಬರೂ ಹುಟ್ಟು ಹಾಕಿ, ಜೀವ ಕೈಯಲ್ಲಿ ಹಿಡಿದು, ಹೇಗೋ ಹೊರಟ ದಡಕ್ಕೇ ಮರಳಿಸಿದರು.

"ಮೋಟಾರೇ ಸರಿಯಿಲ್ಲ," ಎಂದ ಬಡಗಿ.

"ಮೋಟಾರು ಚೆನ್ನಾಗೇ ಇದೆ ಅಪ್ಪ. ಅದು ಕೂತಿರೋ ಎತ್ತರ ಸರಿಯಿಲ್ಲ. ಅದನ್ನ ಸಿಕ್ಕಿಸಿರೋ ಹಿಂಬದಿ ಹಲಗೇನ ನೀನು ಜಾಸ್ತಿ ಎತ್ತರ ಮಾಡಿದ್ದೀಯ."

ಬಡಗಿಗೆ ಮೈಯೆಲ್ಲ ಉರಿಯಿತು. ಅಲೆ ಒಳಗೆ ನುಗ್ಗಬಾರದೆಂದೇ ಆ ಹಲಗೆಯನ್ನು ಎತ್ತರ ಮಾಡಿದ್ದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ! ನಾಲ್ಕು ದಿನ ಮೋಟಾರು ತರಬೇತಿಗೆ ಹೋಗಿಬಂದು ನನ್ನ ದೋಣಿಗೇ ಹೆಸರಿಡ್ತೀಯಾ?"

ದಡದಲ್ಲಿದ್ದ ಹೆಂಡತಿ ನಡುವೆ ಬಂದಳು. "ಬರೀ ಬಾಯಿಮಾತು ಯಾಕೆ? ತೋರಿಸೋಕೆ ಹೇಳಿ. ಹೇಳ್ತಿರೋಳು ನಿಮ್ಮ ಮಗಳೇ ತಾನೇ?"

ದೋಣಿಯನ್ನು ದಡಕ್ಕೆ ಎಳೆದು ದಿಮ್ಮಿಗಳ ಮೇಲೇರಿಸಿದರು. ಮಗಳು ಮೋಟಾರನ್ನು ನೆಟ್ಟಗೆ ನಿಲ್ಲಿಸಿದಳು. ನೇರವಾದ ಮರದ ಪಟ್ಟಿಯೊಂದನ್ನು ದೋಣಿಯ ತಳಕ್ಕೆ ಒತ್ತಿ, ಮೋಟಾರಿನವರೆಗೆ ಚಾಚಿ ಹಿಡಿದಳು.

"ನೀರಲ್ಲಿ ತಿರುಗೋ ಫ್ಯಾನಿನ ಮೇಲೆ ಈ ಚಪ್ಪಟೆ ರೆಕ್ಕೆ ಇದೆಯಲ್ಲ ಅಪ್ಪ, ಇದು ಪಟ್ಟಿಗೆ ಸಮ ಇರ್ಬೇಕು. ಒಂದು ಬೆರಳು ಕೆಳಗಿದ್ರೂ ಅಡ್ಡಿಯಿಲ್ಲ. ನಮ್ಮದು ನೋಡು."

ರೆಕ್ಕೆ ಪಟ್ಟಿಗಿಂತ ನಾಲ್ಕು ಬೆರಳು ಮೇಲಿತ್ತು.

"ಹೀಗಿದ್ರೆ ಫ್ಯಾನು ಗಾಳಿ ಎಳ್ಕೊಳ್ಳುತ್ತೆ. ಮೋಟಾರು ಅರಚುತ್ತೆ, ದೋಣಿ ಮುಂದೆ ಹೋಗಲ್ಲ. ತಂಪು ಮಾಡೋ ನೀರೂ ಸಿಗದೆ ಬಿಸಿಯೇರಿ ನಿಂತುಬಿಡುತ್ತೆ."

"ಹಾಗಾದ್ರೆ ಪೂರ್ತಿ ಇಳಿಸಿಬಿಡಿ," ಎಂದಳು ಬಡಗಿಯ ಹೆಂಡತಿ.

"ಬೇಡಮ್ಮ. ತೀರಾ ಇಳಿದ್ರೆ ನೀರನ್ನ ಉಳ್ತಾ ಹೋಗುತ್ತೆ. ಪೆಟ್ರೋಲು ಕುಡಿಯುತ್ತೆ, ಹಿಂದೆ ಕೂತವರಿಗೆ ಸ್ನಾನ ಮಾಡಿಸುತ್ತೆ."

ಬಡಗಿ ನಗಲಿಲ್ಲ. ಪಟ್ಟಿಯನ್ನು ಕಸಿದುಕೊಂಡು ತಾನೇ ಹಿಡಿದ. ಬಗ್ಗಿ ನೋಡಿದ, ಮಲಗಿ ನೋಡಿದ. ಅಳತೆ ಯಾರ ಮುಲಾಜಿಗೂ ಬಗ್ಗುವುದಿಲ್ಲ ಎಂಬುದನ್ನು ಬಡಗಿಗೆ ಯಾರೂ ಹೇಳಿಕೊಡಬೇಕಿಲ್ಲ. ತಾನೇ ನುಣುಪು ಮಾಡಿದ ಹಲಗೆಯ ಮೇಲೆ ಸ್ವಲ್ಪ ಹೊತ್ತು ಕೈಯಾಡಿಸಿದ. ಆಮೇಲೆ, "ಗರಗಸ ತಾ," ಎಂದ.

ಮೋಟಾರು ಬಿಚ್ಚಿಟ್ಟು, ಅದು ಕೂರುವಷ್ಟೇ ಅಗಲಕ್ಕೆ, ನಾಲ್ಕು ಬೆರಳು ಆಳಕ್ಕೆ ಹಲಗೆಯನ್ನು ಕೊರೆದ. ಆ ಕಂಡಿಯಿಂದ ಅಲೆ ನುಗ್ಗದಂತೆ ಒಳಗಡೆ ಗಟ್ಟಿಯಾದ ಅಡ್ಡಹಲಗೆಯನ್ನೂ ಕೂರಿಸಿದ.

"ಇದು ನನಗೆ ಹೊಳೆದೇ ಇರ್ಲಿಲ್ಲ ಅಪ್ಪ!" ಎಂದಳು ಮಗಳು. ಬಡಗಿಯ ಮೀಸೆಯಡಿ ನಗು ಇಣುಕಿತು.

ಕಾದ ಮೋಟಾರಿಗೆ ಏನೂ ಆಗಿಲ್ಲವೆಂದು ಮೆಕ್ಯಾನಿಕ್ ನೋಡಿ ಹೇಳಿದ ಮೇಲೆ, ಅದನ್ನು ಕೂರಿಸಿ ತಿರುಪುಗಳನ್ನು ಬಿಗಿದರು. ಜನರ ಬದಲು ಮರಳಿನ ಚೀಲ ಹೇರಿ ಹೊಳೆಗಿಳಿದರು. ಮಗಳು ಜೋರಾಗಿ ಓಡಿಸಿದಳು, ಸರಕ್ಕನೆ ತಿರುಗಿಸಿದಳು. ಮೋಟಾರು ಅರಚಲಿಲ್ಲ. ಅದನ್ನು ತಂಪು ಮಾಡಿದ ನೀರು ಹಿಂದುಗಡೆಯಿಂದ ಒಂದೇ ಧಾರೆಯಾಗಿ ಚಿಮ್ಮುತ್ತಿತ್ತು.

ಮತ್ತೆ ಜನ ಹತ್ತುವ ದಿನ ದರ್ಜಿಯಮ್ಮ ದಡದಲ್ಲೇ ಹಿಂದೆಮುಂದೆ ನೋಡಿದಳು. "ಇನ್ನು ನಡುನೀರಲ್ಲಿ ಕೈಕೊಡಲ್ಲ ತಾನೇ?"

ಬಡಗಿ ಹತ್ತೂರಿಗೆ ಕೇಳುವಂತೆ ಹೇಳಿದ: "ಧೈರ್ಯವಾಗಿ ಹತ್ತಮ್ಮ. ದೋಣಿ ನಂದು, ಅಳತೆ ನನ್ನ ಮಗಳದ್ದು!"

ದೋಣಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮೋಟಾರು ತಿರುವಿನಲ್ಲಿ ಅರಚುತ್ತದೆಯೇ? ಸುಮ್ಮಸುಮ್ಮನೆ ಬಿಸಿಯೇರುತ್ತದೆಯೇ? ಪೆಟ್ರೋಲು ಹೆಚ್ಚು ಕುಡಿಯುತ್ತದೆಯೇ? ಮೋಟಾರು ಆರಿಸಿ, ದೋಣಿಯನ್ನು ದಡಕ್ಕೆಳೆಯಿರಿ, ತಳಕ್ಕೊಂದು ನೇರ ಪಟ್ಟಿ ಹಿಡಿದು ಆ ಚಪ್ಪಟೆ ರೆಕ್ಕೆ ಪಟ್ಟಿಗೆ ಸಮ ಇದೆಯೇ ನೋಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಅವರು ವಯಸ್ಸಿನಲ್ಲಿ ಚಿಕ್ಕವರಾದರೂ ಸರಿಯೇ. ನಿಮ್ಮನ್ನು ನಂಬಿ ದೋಣಿ ಹತ್ತಿದವರು ನಗುನಗುತ್ತಾ ಆಚೆ ದಡದಲ್ಲಿ ಇಳಿಯಲಿ.