ಯಾವ ಕಡೆಯ ಮೋರಿ

ದಾವಣಗೆರೆಯ ಶಶಿರೇಖ ಬಂಗಾರಪೇಟೆಯ ಹೊರಗಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಮಿಸ್ಟ್ ಆಗಿ ಸೇರಿದ ಮೊದಲ ದಿನವೇ ವಾಂತಿ ಮಾಡಿಕೊಂಡಿದ್ದಳು. ಕೊಳಚೆ ಬಂದು ಸೇರುವ ಕಾಲುವೆಯ ಬೂದು ನೊರೆ, ಕೂದಲ ಉಂಡೆ, ಜಿಡ್ಡು ಕಣ್ಣಿಗೆ ಕಟ್ಟಿ, ಬಹಳ ದಿನ ಊಟ ಸೇರಲಿಲ್ಲ.

ಆ ಹೇಸಿಗೆ ಹೋಗಲಾಡಿಸಿದ್ದು ಓಝೋನು. ತೊಟ್ಟಿಗಳನ್ನೆಲ್ಲ ದಾಟಿ ಬಂದರೂ ನೀರಿನಲ್ಲಿ ತೆಳು ಹಳದಿ ಬಣ್ಣ, ಮುಗ್ಗಲು ವಾಸನೆ ಇದ್ದೇ ಇರುತ್ತಿತ್ತು. ಕೊಳೆಯಿಂದ ಕರಗಿ ಉಳಿದ ಸಾವಯವ ಇಂಗಾಲ ಅದು. ಓಝೋನ್ ಅನಿಲ ಗುಳ್ಳೆಗುಳ್ಳೆಯಾಗಿ ಹಾಯ್ದು ಅದನ್ನು ಚೂರುಚೂರಾಗಿ ಒಡೆಯುತ್ತಿತ್ತು. ಚೂರುಗಳನ್ನು ಮುಂದಿನ ಇದ್ದಿಲ ಹಾಸಿನ ಸೂಕ್ಷ್ಮಜೀವಿಗಳು ತಿಂದುಹಾಕುತ್ತಿದ್ದವು. ಮತ್ತೊಮ್ಮೆ ಸೋಸಿ ಬಂದ ನೀರನ್ನು ಪರೀಕ್ಷಿಸಿ, ಅವಳು ದಿನವೂ ಅದನ್ನೇ ಕುಡಿಯುತ್ತಿದ್ದಳು.

ಈ ನೀರನ್ನು ಪೈಪಿನಲ್ಲಿ ಕೊಡುವ ಮಾತಾಡಲು ಮ್ಯಾನೇಜರ್ ಸುಧಾಕರ್ ಜತೆ ಅವಳು ಕಾಮಸಮುದ್ರದ ಕಡೆಯ ಒಂದು ಹಳ್ಳಿಗೆ ಹೋದಳು. ಊರಿನ ಹಿರಿಯ ಅಶ್ವತ್ಥಪ್ಪನ ಜಗಲಿಯಲ್ಲಿ ಜನ ಸೇರಿದ್ದರು. ಶಶಿರೇಖ ಓಝೋನ್ ಗ್ಯಾಸಿನ ಕೆಲಸ ವಿವರಿಸಿ, ತಂದಿದ್ದ ನೀರನ್ನು ಎಲ್ಲರೆದುರು ಮೊದಲು ತಾನೇ ಕುಡಿದಳು. ಅಶ್ವತ್ಥಪ್ಪ ಲೋಟ ಮೂಸಿ ನೋಡಿ, ಗಟಗಟ ಕುಡಿದ.

"ಚೆನ್ನಾಗೈತಮ್ಮ. ನಮ್ ಬೋರ್ ನೀರಿಗಿಂತ ಸಿಹಿ. ಯಾವ ಕಡೆ ಮೋರಿದು?"

"ಹೆಚ್ಚಾಗಿ ಊರಿಗಾಂ ಗಣಿ ಕೂಲಿಯವರ ಲೈನು ಮನೆಗಳದ್ದು."

ಆತ ಮುಖ ಕಿವುಚಿದ. ಜಗಲಿಯಿಂದ ಬಗ್ಗಿ ಕ್ಯಾಕರಿಸಿ ಉಗಿದ. "ಮೊದ್ಲೇ ಏಳ್ಬೇಕಲ್ಲಮ್ಮ. ಮೋರಿದಾದ್ರೂ ಪರ್ವಾಗಿಲ್ಲ. ಆ ಜಾತಿ ಜನದ್ದು ನಾವ್ ಕುಡಿಯೋದಾ?"

"ಈಕೆಗೆ ಸರಿಯಾಗಿ ಗೊತ್ತಿಲ್ಲ," ಸುಧಾಕರ್ ನಡುವೆ ಬಾಯಿ ಹಾಕಿದ. "ಇದು ಫ್ಯಾಕ್ಟರಿ ಆಫೀಸರ್ ಕ್ವಾರ್ಟರ್ಸ್ ಕಡೇದು."

"ಅಂಗನ್ನಿ ಮತ್ತೆ." ಅಶ್ವತ್ಥಪ್ಪ ಮತ್ತೆ ಲೋಟ ಚಾಚಿದ.

ಶಶಿರೇಖ ಲೋಟ ತುಂಬಲಿಲ್ಲ. "ಎಲ್ಲರದ್ದೂ ಒಂದೇ ಕಾಲುವೆಗೆ ಸೇರುತ್ತೆ ಯಜಮಾನ್ರೇ. ಲೈನಿನವರದ್ದೂ ಇದೆ. ಆದರೆ ಯಾರ ಗಲೀಜೂ ಇದರಲ್ಲಿ ಉಳಿದಿಲ್ಲ."

"ನಿಮ್ ಗ್ಯಾಸು ವಾಸ್ನೆನ ತೆಗೀಬೋದಮ್ಮ. ಇದನ್ನ ತೆಗಿಯಾಕಾಗ್ತದಾ?"

ಜನ ತಲೆದೂಗಿದರು. ಆಗ ಬಾಗಿಲಲ್ಲಿ ನಿಂತಿದ್ದ ಅಶ್ವತ್ಥಪ್ಪನ ಹೆಂಡತಿ ವೆಂಕಟಲಕ್ಷ್ಮಮ್ಮ, "ಎಮ್ಮೆಗಾದ್ರೆ ಇರ್ಲಿ ಬಿಡಿ. ಬ್ಯಾಸಿಗೆಗೆ ಕುಡಿಯಾಕೆ, ಮೈ ತೊಳಿಯಾಕೆ ಆಗ್ತದೆ," ಎಂದಳು. ಎಲ್ಲರೂ ಒಪ್ಪಿದರು. ಆ ಎಮ್ಮೆಗಳ ಹಾಲು ಯಾರ ಹೊಟ್ಟೆಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ.

ಸ್ಟೀಲ್ ಲೋಟಗಳಲ್ಲಿ ಟೀ ಬಂತು. ಮೇಲೆ ದಪ್ಪ ಕೆನೆ. ಅದನ್ನು ನೋಡಿದ್ದೇ ತಡ, ಮೊದಲ ದಿನ ಕಾಲುವೆಯ ಹತ್ತಿರ ಆದ ಹಾಗೆಯೇ ಶಶಿರೇಖಳ ಗಂಟಲಿಗೆ ಹುಳಿ ಉಕ್ಕಿ ಬಂತು.

"ನನಗೆ ಬೇಡ."

"ಯಾಕಮ್ಮ, ನಮ್ಮನೇಲಿ ಕುಡಿಯಲ್ವಾ?" ವೆಂಕಟಲಕ್ಷ್ಮಮ್ಮ ನೊಂದುಕೊಂಡಳು.

"ಇಲ್ಲ," ಎಂದು ಎದ್ದಳು.

ದಾರಿಯುದ್ದಕ್ಕೂ ಸುಧಾಕರ್ ಖುಷಿಯಾಗಿ ಪೈಪಿನ ಮಾತಾಡುತ್ತಿದ್ದ. ಜೀಪು ಬಂಗಾರಪೇಟೆ ಮುಟ್ಟಿದ್ದೇ ಅವಳು ಘಟಕದ ಆ ನೀರಿನಲ್ಲೇ ಬಾಯಿ ಮುಕ್ಕಳಿಸಿದಳು.