ಎಂಟಡಿಯ ರೀಪು

"ಈ ರೀಪನ್ನ ಕುಯ್ದಿದ್ದು ಯಾರು?"

ಹಿಂದಿನ ಕೋಣೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಬಂದವರಿಗೆ ಕುರ್ಚಿ ಸಾಲದೆ ಇನ್ನೆರಡು ತರಲು ಬಂದಿದ್ದ ಮಗಳು, ಒಂದು ಕೈಯಲ್ಲಿ ಮಡಚಿದ ಕುರ್ಚಿ, ಇನ್ನೊಂದು ಕೈಯಲ್ಲಿ ಎರಡೂವರೆ ಅಡಿಯ ಮರದ ತುಂಡು ಹಿಡಿದು ನಿಂತಳು. ತುಂಡಿನ ಒಂದು ತುದಿ ಅಪ್ಪನ ಕೈ ತಾಗಿ ತಾಗಿ ಮಾಸಿತ್ತು. ಇನ್ನೊಂದು ತುದಿ ಇವತ್ತೇ ಗರಗಸ ಕಂಡದ್ದು. ಮುಟ್ಟಿದರೆ ಬೆರಳಿಗೆ ಹೊಟ್ಟು ಅಂಟಿತು. ತುಂಡಿನ ಮೇಲೆ ಪೆನ್ಸಿಲಿನ ಒಂದೇ ಒಂದು ಗೆರೆ, ಗೆರೆಯ ಪಕ್ಕದಲ್ಲಿ ಒಂದು ಪುಟ್ಟ ಸೊನ್ನೆ. ಅದು ಗಡಿಯಾರದ ಎತ್ತರ. ಅವಳಿಗೆ ಅದು ಗೊತ್ತಿತ್ತು. ಉಳಿದ ಐದು ಗೆರೆಗಳು ಇದ್ದದ್ದು ಅದರ ಕೆಳಗೆ, ಈಗ ಇಲ್ಲದ ಭಾಗದಲ್ಲಿ.

ರೀಪು ಎಂದರೆ ಹೆಚ್ಚೇನಿಲ್ಲ, ಎರಡು ಬೆರಳು ಅಗಲದ ಮರದ ಪಟ್ಟಿ. ಬಡಗಿಯ ಮನೆಯಲ್ಲಿ ಅದಕ್ಕೆ ಬರವೇ? ಗೋಡೆಗೆ ಇನ್ನೂ ಎಂಟ್ಹತ್ತು ಒರಗಿದ್ದವು. ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು. ಹಳೇ ಬಾಗಿಲು, ಹಳೇ ಬೀರು, ಮುಗಿದುಹೋದ ಯಾರ್ಯಾರದೋ ಕಿಟಕಿ. ಬೇಕಾದದ್ದು ಅಲ್ಲಿರಲಿಲ್ಲ.

ಬಾಗಿಲಲ್ಲಿ ಟೀಚರ್ ಬಂದು ನಿಂತರು. ಮೂವತ್ತು ದಾಟದ ಹೆಂಗಸು, ಹೆಗಲಿಗೆ ನಕ್ಷೆಯ ಉದ್ದ ಕೊಳವೆ.

"ಸಿಕ್ತಾ?"

ಮಗಳು ತುಂಡನ್ನು ಎತ್ತಿ ತೋರಿಸಿದಳು. ಟೀಚರ್ ಅದನ್ನು ನೋಡಿದರು, ಆಮೇಲೆ ಕೈಗಡಿಯಾರ ನೋಡಿಕೊಂಡರು. ಎರಡೂ ಕಾಲು.

"ಕಂಟ್ರಾಕ್ಟರ್ ಮತ್ತೆ ಫೋನ್ ಮಾಡಿದ್ರು. ನಾಲ್ಕರೊಳಗೆ ಎತ್ತರ ಹೇಳಿದ್ರೆ ಮರ ಕುಯ್ಸ್ತಾರಂತೆ. ಇಲ್ಲಾಂದ್ರೆ ಸ್ಟೀಲ್ ಕುರ್ಚಿ ಹಾಕಿ ಮುಗಿಸ್ತಾರೆ. ಕುರ್ಚಿ ಗಾಡಿ ಆಗಲೇ ಆಸ್ಪತ್ರೆ ಗೇಟಲ್ಲಿ ನಿಂತಿದೆ. ಆಸ್ಪತ್ರೆಯವರು ಆ ಕಾಯೋ ರೂಮನ್ನ ಎರಡೇ ದಿನ ಖಾಲಿ ಮಾಡಿಕೊಟ್ಟಿರೋದು."

"ನಾಲ್ಕಕ್ಕೇ ಅಪ್ಪನ್ನ ಕರ್ಕೊಂಡು ಹೋಗೋ ಗಾಡೀನೂ ಬರುತ್ತೆ," ಎಂದಳು ಮಗಳು.

*

ಅವಳ ಅಪ್ಪ, ಎಲ್ಲರ ಬಾಯಲ್ಲಿ ಮೇಸ್ತ್ರಿ, ಈ ಟೀಚರ ಸಂಜೆ ಕ್ಲಾಸಿಗೆ ಸೇರಿದಾಗ ಅವರಿಗೆ ಅರವತ್ತೊಂದು. ಅಂಗಡಿ, ಕ್ಲಿನಿಕ್, ಚಿಕ್ಕ ಕಚೇರಿ, ಒಂದು ಕೋಣೆಯ ಲೈಬ್ರರಿ, ಇಂಥ ಜಾಗಗಳ ಒಳಾಂಗಣವನ್ನು ಹೇಗೆ ಯೋಚಿಸಬೇಕು, ಹೇಗೆ ಬರೆಯಬೇಕು ಎಂದು ಕಲಿಸುವ ಕ್ಲಾಸು. ಅಲ್ಲಿದ್ದ ಹದಿನಾಲ್ಕು ಹುಡುಗ ಹುಡುಗಿಯರು ಮೊದಲ ದಿನ ಅವರನ್ನು ಬೆಂಚು ರಿಪೇರಿಗೆ ಬಂದವರೆಂದುಕೊಂಡು ದಾರಿ ಬಿಟ್ಟರು. ಎರಡನೆಯ ದಿನದಿಂದ 'ಸೀನಿಯರ್' ಎಂದು ಕರೆದರು.

ನಲವತ್ತು ವರ್ಷ ಅವರು ಬೇರೆಯವರು ಬರೆದದ್ದನ್ನು ಕುಯ್ದಿದ್ದರು. ಕೊನೆಯ ಸಲ ಕುಯ್ದದ್ದು ಒಂದು ಔಷಧಿ ಅಂಗಡಿಯ ಕೌಂಟರು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಗಿರಾಕಿಗೆ ಚೀಟಿ ಕೊಡಲು ಪ್ರತಿ ಸಲವೂ ತುದಿಗಾಲಲ್ಲಿ ನಿಲ್ಲಬೇಕಾಗಿತ್ತು. ಅದನ್ನು ಹೇಳಿದ್ದಕ್ಕೆ ನಕ್ಷೆ ಬರೆದಾತ, "ಯೋಚನೆ ನಂದು, ಗರಗಸ ನಿಂದು," ಎಂದಿದ್ದ. ಮೇಸ್ತ್ರಿ ಕೌಂಟರು ಮುಗಿಸಿ, ಉಳಿದ ಹಲಗೆಯಲ್ಲಿ ಆ ಹುಡುಗಿಗೆ ನಿಲ್ಲಲು ಒಂದು ಮಣೆ ಮಾಡಿಕೊಟ್ಟು, ಮರುವಾರ ಕ್ಲಾಸಿಗೆ ಹೋಗಿ ಕೂತರು.

ಮೇಲಿನಿಂದ ನೋಡಿದ ಹಾಗೆ ಕೋಣೆ ಬರೆಯುವುದನ್ನು ಮೂರು ತಿಂಗಳಲ್ಲಿ ಕಲಿತರು. ಗೆರೆ ಸೊಗಸಾಗಿತ್ತು. ತೊಡಕೆಲ್ಲ ಅಂಕಿಯದು. ಅವರು ಟೇಪನ್ನು ನಂಬುತ್ತಿರಲಿಲ್ಲ. ಒಂದು ಕೆಲಸಕ್ಕೆ ಒಂದು ರೀಪು. ನೆಲಕ್ಕೆ ಊರಿ, ಬೇಕಾದ ಕಡೆ ಗೆರೆ. ಅಷ್ಟೇ ಲೆಕ್ಕ.

"ನಂಬರ್ ಬರೀರಿ ಮೇಸ್ತ್ರಿ," ಎಂದು ಟೀಚರ್ ಅಂಗಲಾಚುತ್ತಿದ್ದರು. "ನಾಳೆ ಬೇರೆ ಯಾರೋ ಇದನ್ನ ಕಟ್ಟಬೇಕು ಅಂದ್ರೆ?"

"ನಂಬರ್ ಬರೆದ್ರೆ ಅದು ಯಾರದ್ದು ಅಂತ ಮರೆತುಹೋಗುತ್ತೆ ಮೇಡಂ."

ಎತ್ತರದ ನಕ್ಷೆ ಮುಂದಿನ ತಿಂಗಳ ಪಾಠವಾಗಿತ್ತು. ಆಗ ಬರೆಸಿದರಾಯಿತು ಎಂದು ಟೀಚರ್ ಸುಮ್ಮನಾದರು.

*

ನಡುಮನೆಯಲ್ಲಿ ಮೇಸ್ತ್ರಿಯನ್ನು ಮಲಗಿಸಿದ ಪೆಟ್ಟಿಗೆ ಎರಡು ಮಣೆಗಳ ಮೇಲಿತ್ತು. ಮುಚ್ಚಳ ಹಾಕಿಯಾಗಿತ್ತು. ಎದುರುಮನೆಯ ಅಜ್ಜ ತಲೆಯ ಕಡೆ ಕೂತು ಬಾಯಿಪಾಠವಿದ್ದ ಪದ್ಯಗಳನ್ನು ಮೆಲ್ಲಗೆ ಹೇಳುತ್ತಿದ್ದ. ಒಂದು ಪದ್ಯ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಜನರ ಪಿಸುಮಾತು ಕೇಳುತ್ತಿತ್ತು. ತಾಯಿ ಕುರ್ಚಿ ಬೇಡವೆಂದು ನೆಲದ ಮೇಲೆ, ಗೋಡೆಗೊರಗಿ, ಪೆಟ್ಟಿಗೆಗೆ ಒತ್ತಿಕೊಂಡು ಕೂತಿದ್ದಳು. ಮುಚ್ಚಳ ಮುಚ್ಚುವ ಮುಂಚೆ ಒಂದೇ ಮಾತು ಹೇಳಿದ್ದಳು: "ನಿನ್ನೆಯಿಂದ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದ್ದಾಯ್ತು. ಸಾಕು, ಇನ್ನು ಬಿಡಿ."

ಬಾಗಿಲ ಹತ್ತಿರ ಪಾಲಿಶ್ ಕೆಲಸದವನು ಕೂತಿದ್ದ. ಮೇಸ್ತ್ರಿ ಮಾಡಿದ್ದಕ್ಕೆಲ್ಲ ನಲವತ್ತು ವರ್ಷ ಬಣ್ಣ ಕೊಟ್ಟವನು. ಅವನ ಉಗುರುಗಳು ಯಾವ ಸೋಪಿಗೂ ಬಗ್ಗದೆ ಕಂದಾಗಿದ್ದವು.

"ಒಂದು ದಿನಾನೂ ಇಂಚು ಅಂತ ಅವನ ಬಾಯಲ್ಲಿ ಬರ್ಲಿಲ್ಲ ಕಣ್ರೀ. 'ಇಷ್ಟು' ಅಂತಿದ್ದ, ಪಟ್ಟಿ ತೋರಿಸ್ತಿದ್ದ. ಒಂದ್ಸಲ ಮರದಂಗಡಿಗೆ ಫೋನ್ ಮಾಡಿದ್ದ. ಹಲಗೆ ಎಷ್ಟುದ್ದ ಬೇಕು ಅಂತ ಆ ಕಡೆಯಿಂದ ಕೇಳಿದ್ರು. ಇವನು ಪಟ್ಟೀನ ಫೋನ್ ಮುಂದೆ ಹಿಡಿದು 'ಇಷ್ಟು' ಅಂದ!"

ನಾಲ್ಕೈದು ಜನ ನಕ್ಕೇಬಿಟ್ಟರು. ಕ್ಲಾಸಿನ ಒಬ್ಬ ಹುಡುಗಿ ನಗುತ್ತ ನಗುತ್ತಲೇ ಕಣ್ಣಿಗೆ ಕೈ ಒತ್ತಿಕೊಂಡಳು. ಅಜ್ಜ ಮುಂದಿನ ಪದ್ಯಕ್ಕೆ ಉಸಿರು ತೆಗೆದುಕೊಂಡ.

ಮಗಳು ಟೀಚರನ್ನು ಅಡುಗೆಮನೆಗೆ ಕರೆದಳು. "ನಂಗೆ ಆ ಗೆರೆಗಳ ಸಾಲು ಬಾಯಿಗೆ ಬರುತ್ತೆ ಮೇಡಂ. ಅಪ್ಪ ದಿನಾ ಹೇಳ್ತಿದ್ರು, ನಾನು ಪಾತ್ರೆ ತೊಳೀತಾ ಕೇಳ್ತಿದ್ದೆ. ಬರ್ಕೊಳ್ಳಿ."

ಟೀಚರ್ ಕಟ್ಟೆಯ ಮೇಲೆ ನಕ್ಷೆ ಹರಡಿ ಪೆನ್ಸಿಲ್ ತೆಗೆದರು. ಮಗಳು ಕಣ್ಣು ಮುಚ್ಚಿದಳು.

"ಒಂದು, ಮಂಡಿನೋವಿನ ಅಜ್ಜಿ. ಬಾಗಿಲ ಹತ್ರದ ಬೆಂಚು ಅವಳಿಗೆ, ಕೂತು ಏಳೋಕೆ ಕಷ್ಟ ಆಗ್ಬಾರ್ದು. ಎರಡು, ಮಗು ಮಲಗಿಸ್ಕೊಂಡ ತಾಯಿ. ಅವಳ ಮೊಣಕೈ ಕೆಳಗೊಂದು ಹಲಗೆ. ಮೂರು, ಕೂರೋಕಾಗ್ದೆ ನಿಂತಿರೋನು. ಅವನ ಸೊಂಟಕ್ಕೊಂದು ಒರಗು. ನಾಲ್ಕು, ಕೂತಲ್ಲೇ ನಿದ್ದೆ ಹೋದೋನು. ಅವನ ತಲೆ ಗೋಡೆಗೆ ತಾಗೋ ಕಡೆ ಮೆತ್ತೆ. ಐದು, ಅಳೋರು. ಅವರ ಮುಂದೆ ಒಂದು ಮರೆ. ಅವರು ಯಾರಿಗೂ ಕಾಣ್ಬಾರ್ದು, ಆದ್ರೆ ನರ್ಸ್ ಕರೆದ್ರೆ ಅವರಿಗೆ ಕಾಣ್ಬೇಕು. ಆರು, ಗಡಿಯಾರ. ಅದು ಎಲ್ಲರ ಬೆನ್ನ ಹಿಂದೆ, ಎತ್ತರದಲ್ಲಿ. ಬೇಕಾದೋರು ತಿರುಗಿ ನೋಡ್ಲಿ. ಕಾಯೋರ ಕಣ್ಣಿಗೆ ಅದು ತಾನಾಗಿ ಚುಚ್ಚಬಾರದು."

ಅವಳು ಕಣ್ಣು ತೆರೆದಳು. ಟೀಚರ್ ಆರನ್ನೂ ಒಂದರ ಕೆಳಗೊಂದರಂತೆ ಬರೆದಿದ್ದರು. ಪಕ್ಕದ ಅಂಕಿಯ ಸಾಲು ಖಾಲಿ.

"ಎತ್ತರ?"

"ಎತ್ತರ ರೀಪಲ್ಲಿತ್ತು."

ಟೀಚರ್ ಪೆನ್ಸಿಲಿನ ಹಿಂಬದಿ ಕಚ್ಚಿದರು. "ಪುಸ್ತಕದಲ್ಲಿರೋ ಅಳತೆ ಹಾಕಬಹುದು..."

"ಹಾಕಿದ್ರೆ?"

"ಹಾಕಿದ್ರೆ ಕಂಟ್ರಾಕ್ಟರ್ ಹೇಳ್ತಾರೆ, ಪುಸ್ತಕದ ಅಳತೆಗೆ ಸ್ಟೀಲ್ ಕುರ್ಚಿನೇ ಇದೆಯಲ್ಲ ಅಂತ." ಅವರು ತಲೆ ತಗ್ಗಿಸಿದರು. "ಆಗಲೇ ಹೇಳಿಯೂ ಆಯ್ತು."

*

ಆಸ್ಪತ್ರೆ ಚಿಕ್ಕದು. ಕಾಯುವವರಿಗೆ ಇದ್ದದ್ದು ಬರೀ ಓಣಿ. ಅದರ ಪಕ್ಕದ ಹನ್ನೊಂದಡಿಗೆ ಒಂಬತ್ತಡಿಯ ಉಗ್ರಾಣವನ್ನು ಕಾಯುವ ಕೋಣೆ ಮಾಡುವುದೆಂದು ತೀರ್ಮಾನವಾಗಿ, ಟೀಚರ್ ಅದನ್ನು ಕ್ಲಾಸಿಗೆ ಅಭ್ಯಾಸವಾಗಿ ಕೊಟ್ಟಿದ್ದರು. ಹದಿನಾಲ್ಕು ಜನ ಹದಿನಾಲ್ಕು ಬಣ್ಣದ ಗೋಡೆ ಬರೆದು ತಂದರು. ಮೇಸ್ತ್ರಿ ಏನೂ ತರಲಿಲ್ಲ. ದಿನಾ ಹೋಗಿ ಓಣಿಯ ನೆಲದಲ್ಲಿ ಕೂತರು, ರೀಪನ್ನು ಮಂಡಿಯ ನಡುವೆ ಹಿಡಿದು. ಅಜ್ಜಿಯೊಬ್ಬಳು ಏಳಲಾರದೆ ಗೋಡೆ ಹಿಡಿದರೆ ಒಂದು ಗೆರೆ. ಯಾರಾದರೂ ಸೆರಗಲ್ಲಿ ಮುಖ ಮುಚ್ಚಿಕೊಂಡರೆ, ಅವರು ಹೋದ ಮೇಲೆ, ಒಂದು ಗೆರೆ. ಐದು ವಾರ ಹೀಗೇ, ಆಮೇಲೆ ನಕ್ಷೆ ಬರೆದುಕೊಟ್ಟರು. ಹದಿನೈದರಲ್ಲಿ ಆಸ್ಪತ್ರೆಯವರು ಒಪ್ಪಿದ್ದು ಅವರದನ್ನು.

ಒಪ್ಪಿದ ದಿನ ಅವರು ಮನೆಗೆ ಬಂದು ಊಟಕ್ಕೂ ಕೂರದೆ ರೀಪನ್ನು ಅಡುಗೆಮನೆಯ ನೆಲಕ್ಕೆ ಊರಿ ನಿಂತರು.

"ಪುಟ್ಟೀ, ನಾನು ಹೇಳ್ತೀನಿ, ನೀನು ಟೇಪ್ ಹಿಡಿದು ನಂಬರ್ ಬರ್ಕೋ. ಮೇಡಂ ಪಾಪ, ಕೇಳಿ ಕೇಳಿ ಸುಸ್ತಾಗಿದ್ದಾರೆ."

ಅವಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ದಿನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಅಂಕಿಗಳ ನಡುವೆ ಕೂತು ಕಣ್ಣುಗಳು ಉರಿಯುತ್ತಿದ್ದವು. "ನಂಬರ್ ಅಂತ ಇವತ್ತು ಯಾರೂ ನನ್ನ ಮುಂದೆ ಅನ್ಬೇಡಿ ಅಪ್ಪ. ಭಾನುವಾರ ಬರ್ಕೊಡ್ತೀನಿ."

"ಹಂಗೇ ಆಗ್ಲಿ. ಭಾನುವಾರ ಎಲ್ಲಿಗೂ ಓಡಿಹೋಗಲ್ಲ."

ಅದು ಮಂಗಳವಾರ. ಗುರುವಾರ ಬೆಳಿಗ್ಗೆ ಹೆಂಡತಿಗೆ, "ಹತ್ತೇ ನಿಮಿಷ, ನಿದ್ದೆಯವನ ತಲೆ ಇನ್ನೊಂದ್ಸಲ ನೋಡ್ಕೊಂಡು ಬಂದೆ," ಎಂದು ಹೋದರು. ಓಣಿಯಲ್ಲಿ ಗೋಡೆಗೊರಗಿ ಕೂತರು. ಹನ್ನೊಂದಕ್ಕೆ ನರ್ಸ್ ನೋಡಿದಳು, ಹನ್ನೆರಡಕ್ಕೆ ಕಾವಲಿನವನು ನೋಡಿದ. ಕಾಯುತ್ತಿದ್ದಾರೆ ಅಂದುಕೊಂಡರು. ಒಂದು ಗಂಟೆಗೆ ನೆಲ ಒರೆಸುವವಳು ಬಂದು "ಸ್ವಲ್ಪ ಕಾಲು ಎತ್ತಿ ಯಜಮಾನ್ರೇ" ಎಂದು ಮೂರು ಸಲ ಹೇಳಿದ ಮೇಲೆಯೇ ಗೊತ್ತಾದದ್ದು. ಮನೆಗೆ ತಂದ ಗಾಡಿಯಲ್ಲಿ ಅವರ ಪಕ್ಕದಲ್ಲಿ ರೀಪೂ ಬಂತು. ಯಾರೋ ಅದನ್ನು ಹಿಂದಿನ ಕೋಣೆಯಲ್ಲಿ ಉಳಿದವುಗಳ ಜೊತೆ ಒರಗಿಸಿದರು.

*

ಚಿಕ್ಕಪ್ಪ ಅಂಗಳದಲ್ಲಿ ಹತ್ಯಾರುಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದ. ಅವನೂ ಬಡಗಿಯೇ, ಬೇರೆ ಊರಿನಲ್ಲಿ. ಇವತ್ತು ಬೆಳಿಗ್ಗೆ ಬಂದಿಳಿದವನು ಕಾಫಿಯನ್ನೂ ಮುಟ್ಟದೆ, ಅಣ್ಣನ ಪೆಟ್ಟಿಗೆ ಬೇರೆಯವರು ಮಾಡಕೂಡದು ಎಂದು ಗರಗಸ ಹಿಡಿದಿದ್ದ.

"ಚಿಕ್ಕಪ್ಪ, ಇದರ ಇನ್ನೊಂದು ತುಂಡು ಎಲ್ಲಿ?"

ಅವನು ತುಂಡನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ತುದಿ ಸವರಿದ. "ಯಾಕೆ?"

"ಹೇಳಿ."

"ಅಣ್ಣನ ಉದ್ದಕ್ಕೆ ಹಿಡಿದು ಕುಯ್ದೆ. ಅಳತೆ ಮುಗಿದ ಮೇಲೆ ಅದನ್ನೇ ಮುಚ್ಚಳಕ್ಕೆ ಹಾಕ್ದೆ. ಎರಡು ಹಲಗೆ ಜೋಡಿಸೋಕೆ ಒಳಗೊಂದು ಪಟ್ಟಿ ಬೇಕಿತ್ತು."

ಟೀಚರ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

"ಮೇಲೆ ಗುರುತಿತ್ತಲ್ಲ ಚಿಕ್ಕಪ್ಪ!"

"ಎಲ್ಲಾದರ ಮೇಲೂ ಇತ್ತು ಕಣೇ. ಮುಗಿದ ಕೆಲಸದ್ದು ಅಂದ್ಕೊಂಡೆ. ನಮ್ಮಲ್ಲಿ ಹಳೇ ರೀಪು ಕುಯ್ಯೋದು ಏನು ಹೊಸದಾ?"

"ಟೇಪ್ ಇಟ್ಕೊಂಡಿದ್ರಿ ತಾನೆ? ಜೇಬಲ್ಲೇ ಇದೆ!"

ಚಿಕ್ಕಪ್ಪ ಜೇಬು ಮುಟ್ಟಿ ನೋಡಿಕೊಂಡ. "ಇದೆ. ಟೇಪ್ ಹಿಡಿದ್ರೆ ನಂಬರ್ ಗೊತ್ತಾಗ್ಬಿಡುತ್ತೆ ಪುಟ್ಟೀ. ನಾಳೆಯಿಂದ ಯಾವ ಹಲಗೆ ಅಳೆದ್ರೂ ಆ ನಂಬರ್ ಬಂದಾಗೆಲ್ಲ ಅಲ್ಲಿ ಅಣ್ಣ ಮಲಗಿರ್ತಾನೆ. ಅದಕ್ಕೇ..." ಅವನು ಕೈಯಲ್ಲಿದ್ದ ತುಂಡನ್ನು ತಿರುಗಿಸಿ ನೋಡಿದ. "ಏನಿತ್ತು ಅದರಲ್ಲಿ?" ಎಂದ.

ಅವಳು ಹೇಳಿದಳು. ಪೂರ್ತಿ ಹೇಳುವ ಮುಂಚೆಯೇ ಅವನ ಕೈಯಲ್ಲಿದ್ದ ಉಳಿ ಚೀಲದೊಳಕ್ಕೆ ಜಾರಿತು.

"ಗುರುತು ಕೀಸಿ ತೆಗೆದ್ರಾ?"

"ಇಲ್ಲ. ಒಳಮುಖ ಅಲ್ವಾ, ಯಾರು ನೋಡ್ತಾರೆ ಅಂತ ಹಾಗೇ ಬಿಟ್ಟೆ." ಅವನ ದನಿ ಕುಗ್ಗಿತು. "ಹಾಗೇ ಇದೆ. ಅಣ್ಣನ ಮುಖದಿಂದ ಕಾಲ ತನಕ."

"ಮುಚ್ಚಳಕ್ಕೆ ಎಷ್ಟು ಸ್ಕ್ರೂ?"

"ಎಂಟು."

ಮೂವರೂ ನಡುಮನೆಗೆ ಬಂದರು. ಅಜ್ಜ ಹೇಳುತ್ತಿದ್ದ ಪದ್ಯವನ್ನು ಅರ್ಧಕ್ಕೆ ನಿಲ್ಲಿಸಿದ. ಪಾಲಿಶ್‌ನವನು ಕುರ್ಚಿಯಿಂದ ಎದ್ದ. ಮೂರೂವರೆ ದಾಟಿತ್ತು. ಚಿಕ್ಕಪ್ಪ ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮರೆಮಾಡಲೆಂಬಂತೆ ತೊಡೆಗೆ ಒತ್ತಿ ಹಿಡಿದ.

"ಅತ್ತಿಗೇ, ನನ್ನಿಂದ ಒಂದು ತಪ್ಪಾಗಿದೆ."

ತಾಯಿ ಅವನನ್ನು ನೋಡಲಿಲ್ಲ. ಮಗಳು ಅವಳ ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದಳು. ಅಜ್ಜಿ, ಮಗುವಿನ ತಾಯಿ, ನಿಂತವನು, ನಿದ್ದೆಯವನು, ಅಳುವವರು. ತಾಯಿಯ ತುಟಿ ಜೊತೆಜೊತೆಗೇ ಅಲುಗಿತು. ಆ ಸಾಲು ಅವಳಿಗೂ ಬಾಯಿಪಾಠವಾಗಿತ್ತು.

"ಮುಚ್ಚಳ ಒಂದು ಎತ್ತಿದ್ರೆ ಸಾಕಮ್ಮ. ಅಪ್ಪನ್ನ ಮುಟ್ಟಲ್ಲ. ಚಿಕ್ಕಪ್ಪ ಹಿಡ್ಕೋತಾರೆ, ನಾನು ಬರ್ಕೋತೀನಿ. ಹತ್ತೇ ನಿಮಿಷ."

"ಅವರೂ ಅಷ್ಟೇ ಹೇಳಿ ಹೋಗಿದ್ದು," ಎಂದಳು ತಾಯಿ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಟೀಚರ ಕೈಯಲ್ಲಿ ಫೋನು ಮತ್ತೆ ಮತ್ತೆ ಗುಂಯ್ ಎನ್ನುತ್ತಿತ್ತು, ಅವರು ಎತ್ತಲಿಲ್ಲ.

"ಅಮ್ಮ, ನಲವತ್ತು ವರ್ಷದಲ್ಲಿ ಅವರದ್ದೇ ಅಂತ ಇದೊಂದೇ. ನಾನು ಭಾನುವಾರ ಅಂದ್ಬಿಟ್ಟೆ ಅಮ್ಮ. ನಾನೇ ಅಂದೆ. ದಯವಿಟ್ಟು."

ಚಿಕ್ಕಪ್ಪ ಸ್ಕ್ರೂಡ್ರೈವರನ್ನು ಮುಚ್ಚಳದ ಮೂಲೆಗೆ ತಂದ.

ತಾಯಿ ಗೋಡೆಗೊರಗಿದ್ದ ಬೆನ್ನನ್ನು ಹಾಗೇ ಇಟ್ಟು, ಮಂಡಿಗಳನ್ನು ಎದೆಗೆ ಎಳೆದುಕೊಂಡು ಕೈಯೊಂದನ್ನು ಮಾತ್ರ ಚಾಚಿದಳು. ಸ್ಕ್ರೂವಿನ ತಲೆಯ ಮೇಲೆ ಹೆಬ್ಬೆರಳಿಟ್ಟು, ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಳು.

"ಇಲ್ಲ," ಎಂದಳು. "ತೆಗೆಯೋಕೆ ಬಿಡಲ್ಲ."