ಟ್ಯಾಂಕಿನ ಮೇಲಿನ ಮೂಗು

ನನ್ನ ಸೊಸೆ ಮುಟ್ಟದ ಎತ್ತರ ಈ ಊರಿನಲ್ಲಿ ಒಂದೂ ಉಳಿದಿಲ್ಲ. ಚಂದ್ರನೊಬ್ಬ ಬಾಕಿ. ಅವನಿಗೂ ಬಿರುಕು ಬಿಟ್ಟಿದೆ ಎಂದು ಯಾರಾದರೂ ಅರ್ಜಿ ಕೊಟ್ಟರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಟೇ ಬಿಡುವ ಹೆಣ್ಣು ಅವಳು.

ಅವಳ ಕೆಲಸವೇ ಅದು. ಸೇತುವೆ, ಹೊಗೆ ಕೊಳವೆ, ನೀರಿನ ಟ್ಯಾಂಕು, ಯಾವುದು ಎಲ್ಲಿ ಬಿರುಕು ಬಿಟ್ಟಿದೆ ಎಂದು ಹತ್ತಿ ನೋಡಿ, ಬಿರುಕಿನ ಮೇಲೆ ಬೆರಳಿಟ್ಟು, ಇಳಿದು ಬಂದು ಆಫೀಸಿಗೆ ಬರೆದು ಕೊಡಬೇಕು. ಹದಿನಾರು ವರ್ಷ ಹಾಗೆ ಬಾವಲಿಯಂತೆ ನೇತಾಡಿದಳು. ಹೋದ ವರ್ಷ ಬಲ ಭುಜ ಕೈಕೊಟ್ಟಿತು. ಇನ್ನೊಂದು ಸಲ ಹತ್ತಿದರೆ ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಆಫೀಸಿನ ದೊಡ್ಡವನು ಒಳ್ಳೆಯವನೇ. "ಶುಕ್ರವಾರದೊಳಗೆ ಹಳೇ ಟ್ಯಾಂಕಿನ ವರದಿ ಕೊಡಿ. ಹತ್ತೋಕೆ ಆಗಲ್ಲ ಅಂದ್ರೆ ಬೇರೆಯವರು ನೋಡ್ಕೊಳ್ತಾರೆ, ನೀವು ಕೆಳಗೆ ಮೇಜಿನ ಕೆಲಸ ತಗೊಳ್ಳಿ" ಎಂದ. ಮೇಜಿನ ಕೆಲಸ ಕೆಟ್ಟದ್ದೆಂದು ಯಾರು ಹೇಳಿದರು? ಆದರೆ ಇವಳನ್ನು ಮೇಜಿಗೆ ಕೂರಿಸುವುದೂ ಹದ್ದಿಗೆ ಹೊಲಿಗೆ ಮಿಷನ್ ಕೊಡುವುದೂ ಒಂದೇ.

ಆಗ ಅವಳು ಒಂದು ಕ್ಯಾಮೆರಾ ಲೆನ್ಸಿನ ವಿಷಯ ತೆಗೆದಳು. ದೂರದ್ದನ್ನು ಎಳೆದು ಮೂಗಿನ ಮುಂದೆ ನಿಲ್ಲಿಸುವ ಜೂಮ್ ಲೆನ್ಸು. ಆಫೀಸಿನವರು ಕೊಡಿಸುವುದಿಲ್ಲ, ಬೇಕಾದರೆ ಸ್ವಂತಕ್ಕೆ ಕೊಳ್ಳಬೇಕು. ಬೆಲೆ ಎಷ್ಟೆಂದರೆ, ಮಹಡಿಯ ಮೇಲೊಂದು ರೂಮು ಕಟ್ಟಿ, ಸುಣ್ಣ ಬಣ್ಣ ಬಳಿದು, ಫ್ಯಾನು ಹಾಕುವಷ್ಟು. ಲೆಕ್ಕ ಅಷ್ಟು ಸರಿಯಾಗಿ ಹೇಗೆ ಗೊತ್ತು ಅಂದರೆ, ಕೂಡಿಟ್ಟ ದುಡ್ಡು ಇದ್ದದ್ದೇ ಆ ರೂಮಿಗೆ. ಆ ರೂಮು ನನಗೆ.

ನಾನು ಮಲಗುವುದು ನಡುಮನೆಯಲ್ಲಿ, ಫ್ರಿಜ್ಜಿನ ಪಕ್ಕ. ನಮ್ಮವರ ಗೊರಕೆಗೆ ಮೂರು ಬೀದಿಯ ನಾಯಿಗಳು ಊರು ಬಿಟ್ಟಿದ್ದವು. ಅವರು ಹೋದ ಮೇಲೆ ಸುಖವಾಗಿ ನಿದ್ದೆ ಮಾಡೋಣವೆಂದರೆ ಈ ಫ್ರಿಜ್ಜು ಅವರ ಹತ್ತಿರವೇ ಪಾಠ ಕಲಿತ ಹಾಗೆ ಗೊರಕೆ ಹೊಡೆಯುತ್ತದೆ.

"ಬೇಡ ಅತ್ತೆ, ಅದು ನಿಮ್ಮ ರೂಮಿನ ದುಡ್ಡು" ಎಂದಳು ಸೊಸೆ.

"ಅಷ್ಟು ದುಡ್ಡಿಗೆ ಅದು ಕಾಫಿ ಏನಾದ್ರೂ ಮಾಡಿಕೊಡುತ್ತೇನೇ?"

"ಅಮ್ಮ, ನೀನು ಹೂಂ ಅಂದ್ರೆ ತರೋಣ, ಬೇಡ ಅಂದ್ರೆ ಬೇಡ" ಎಂದ ಮಗ. ಬಸ್ಸು ಓಡಿಸುತ್ತಾನೆ. ಮನೆಗೆ ಬಂದರೆ ಮಾತ್ರ ಸ್ಟಿಯರಿಂಗು ಬೇರೆಯವರ ಕೈಗೆ.

"ಗಂಡ ಹೆಂಡ್ತಿ ಸೇರ್ಕೊಂಡು ನನ್ನ ತಲೆ ಮೇಲೆ ಹಾಕ್ತೀರೇನೋ? ಮೊದಲು ಅದೇನು ಕಿಸೀತದೆ ನೋಡೋಣ."

ಲೆನ್ಸಿನ ಅಂಗಡಿಗೆ ಹೋದೆವು. ಅಂಗಡಿಯವನು ಸೊಸೆಗೆ ಹಳೆಯ ಪರಿಚಯ. ಒಂದು ದಿನದ ಮಟ್ಟಿಗೆ ಕೊಡಲು ಒಪ್ಪಿದ. ಹೆರಿಗೆ ಮನೆಯಿಂದ ಕೂಸನ್ನು ತಂದ ಹಾಗೆ ಒಳಗಿನಿಂದ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಸೊಸೆ ಅದರ ಕುತ್ತಿಗೆಯ ಬಳೆ ತಿರುಗಿಸಿದಳು ನೋಡಿ, ಆನೆ ಸೊಂಡಿಲಿನ ಹಾಗೆ ಉದ್ದ ಬಂತು. ನಾನು ಕೈ ಚಾಚಿದೆ.

"ಅಜ್ಜಿ, ಹುಷಾರು! ಬಿದ್ರೆ ನಾನು ಬೀದಿಗೆ ಬೀಳ್ತೀನಿ."

"ಬಸ್ಸು ಓಡಿಸೋನನ್ನೇ ಬೀಳಿಸದೆ ಸಾಕಿದ್ದೀನಿ ಕಣಪ್ಪಾ. ಇದ್ಯಾವ ಲೆಕ್ಕ?"

"ಸಂಜೆ ಏಳಕ್ಕೆ ಬಾಗಿಲು ಹಾಕ್ತೀನಿ ಮೇಡಂ. ಅಷ್ಟರೊಳಗೆ ಲೆನ್ಸು ಬರಬೇಕು, ಇಲ್ಲಾ ದುಡ್ಡು."

ಹಳೇ ಟ್ಯಾಂಕು ನೋಡಲು ನಾನೂ ಸೊಸೆಯ ಜೊತೆಗೆ ಹೊರಟಿದ್ದಕ್ಕೆ ಕಾರಣವಿತ್ತು. ಆ ಟ್ಯಾಂಕು ಕಟ್ಟುವಾಗ ನಮ್ಮವರು ಗಾರೆ ಮೇಸ್ತ್ರಿ, ನಾನು ಗಾರೆ ಹೊರುವವಳು. ನನ್ನ ತಲೆ ಮೇಲಿನ ಬಾಂಡಲಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಟ್ಯಾಂಕಿಗಿಂತ ಎತ್ತರ ಆಗುತ್ತಿತ್ತು. ಕೊನೆಯ ದಿನ ಸಾರುವೆ ಕಂಬಗಳಿಂದ ಇಳಿದು ಬಂದು ಅವರು ಹೇಳಿದ್ದು: "ಮೇಲೆ ಸುತ್ತುಗೋಡೆ ಮೇಲೆ ನಿನ್ನ ಮುಖ ಬರೆದಿದ್ದೀನಿ ಕಣೇ. ಇನ್ಮೇಲೆ ಇಡೀ ಊರು ನಿನ್ನ ನೆರಳಲ್ಲೇ ನೀರು ಕುಡಿಯುತ್ತೆ." ನಾನು ಕತ್ತು ಉಳುಕುವ ತನಕ ನೋಡಿದೆ. ಏನೂ ಕಾಣಲಿಲ್ಲ. ಆ ಮನುಷ್ಯ ಸಾಯುವ ತನಕ, ಆಮೇಲೂ, ಸುಳ್ಳ ಎಂದೇ ಕರೆದಿದ್ದೇನೆ.

ಟ್ಯಾಂಕಿನ ಎದುರಿಗೆ ಒಂದು ಲಾಂಡ್ರಿ. ಅದರ ಮೂರನೇ ಮಹಡಿಯ ತಾರಸಿಗೆ ನನ್ನ ಮಂಡಿ ನೂರೆಂಟು ಬಾರಿ ಶಾಪ ಹಾಕುತ್ತಾ ಹತ್ತಿತು. ಒಣಗಲು ಹಾಕಿದ ಬಿಳಿ ಹೊದಿಕೆಗಳ ನಡುವೆ ಸೊಸೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾಕ್ಕೆ ಆ ಸೊಂಡಿಲು ಸಿಕ್ಕಿಸಿದಳು. ನೆತ್ತಿಯ ಮೇಲೆ ಬಿಸಿಲು. ಒಂದು ಗಂಟೆ ನೋಡಿದಳು. ಮುಖ ಸಣ್ಣಗಾಯಿತು.

"ಏನಾಯ್ತೇ?"

"ಒಂದು ಗೆರೆ ಕಾಣ್ತಿದೆ ಅತ್ತೆ, ಎರಡಡಿ ಉದ್ದ. ಆದ್ರೆ ಬಿಸಿಲಿಗೆ ಗಾಳಿನೇ ನಡುಗ್ತಿದೆ. ಬಿರುಕೋ ಏನೋ ಹೇಳೋಕಾಗ್ತಿಲ್ಲ. ಬೆರಳಿಟ್ಟಿದ್ರೆ ಒಂದು ನಿಮಿಷದ ಕೆಲಸ."

"ಸುಮ್ನೆ ಬಿರುಕು ಅಂತ ಬರೆದುಬಿಡು."

"ಬಿರುಕಲ್ದಿದ್ರೆ? ಟ್ಯಾಂಕು ಖಾಲಿ ಮಾಡಿಸಿ ಇಷ್ಟು ಮನೆಗೆ ತಿಂಗಳುಗಟ್ಟಲೆ ನೀರು ನಿಲ್ಲಿಸ್ತಾರೆ. ಬಿರುಕೇ ಆಗಿದ್ದು, ನಾನು ಅಲ್ಲ ಅಂತ ಬರೆದ್ರೆ, ಟ್ಯಾಂಕು ಇವ್ರ ತಲೆ ಮೇಲೇ ಬೀಳುತ್ತೆ." ಲೆನ್ಸನ್ನು ಬಿಚ್ಚಿ ಚೀಲಕ್ಕೆ ಹಾಕಿದಳು. "ವಾಪಸ್ ಕೊಡೋಣ. ನಿಮ್ಮ ರೂಮು ಕಟ್ಟೋಣ."

ಹಾಗೆಂದವಳ ಕಣ್ಣು ಮಾತ್ರ ಟ್ಯಾಂಕಿನ ಕಬ್ಬಿಣದ ಏಣಿಯ ಮೇಲಿತ್ತು. ಎಡಗೈ ಬಲಭುಜವನ್ನು ನೀವುತ್ತಿತ್ತು.

"ಒಂದೇ ಒಂದು ಸಲ ಅತ್ತೆ. ನಿಧಾನಕ್ಕೆ ಹತ್ತಿದ್ರೆ..."

"ಕೂತ್ಕೊಳ್ಳೇ ಸುಮ್ನೆ! ಗೋಡೆ ನೋಡೋ ಹೊತ್ತಾ ಇದು? ನಿಮ್ಮ ಮಾವ ಯಾವತ್ತಾದ್ರೂ ಮಧ್ಯಾಹ್ನ ಗೋಡೆ ನೋಡಿದ್ರಾ? ಬಿಸಿಲು ಓರೆಯಾಗ್ಬೇಕು. ಆಗ ಗೋಡೆ ತನ್ನ ಗುಟ್ಟೆಲ್ಲ ತಾನೇ ಬಿಚ್ಚಿಡುತ್ತೆ."

"ಸಂಜೆ ತನಕ ಕಾದ್ರೆ ಅಂಗಡಿ ಮುಚ್ಚುತ್ತೆ."

"ಮುಚ್ಚೋಕೆ ಮುಂಚೆ ಹೋದ್ರಾಯ್ತು. ನನ್ನ ಮಗ ಬಸ್ಸನ್ನೇ ಹಾರಿಸ್ತಾನೆ."

ಕಾದೆವು. ಸುಮ್ಮನೆ ಕೂರಲಾರದೆ ನಾನು ಲಾಂಡ್ರಿಯವಳ ಹೊದಿಕೆ ಮಡಿಸಿದೆ. ಒಂದು ಸೈನ್ಯ ಹೊದ್ದು ಮಲಗಬಹುದಿತ್ತು, ಅಷ್ಟು. ಮಡಿಸುತ್ತಲೇ ಸೊಸೆಗೆ ಹೇಳಿದೆ: ಹಸಿ ಗಾರೆಯಲ್ಲಿ ಗೀರಿದರೆ ಗೆರೆಯ ಎರಡೂ ಬದಿಗೆ ತುಟಿ ಏಳುತ್ತದೆ. ಒಣಗಿದ ಮೇಲೆ ಒಡೆದದ್ದಕ್ಕೆ ತುಟಿ ಇರುವುದಿಲ್ಲ, ಮುರಿದ ಬಿಸ್ಕತ್ತಿನ ಹಾಗಿರುತ್ತದೆ.

ಐದೂವರೆಗೆ ಬಿಸಿಲು ಟ್ಯಾಂಕಿನ ಪಕ್ಕೆಗೆ ಒರಗಿತು. ಗಾಳಿಯ ನಡುಕ ನಿಂತಿತು. ಸೊಸೆ ಲೆನ್ಸನ್ನು ಮತ್ತೆ ಸಿಕ್ಕಿಸಿ ಕಣ್ಣಿಟ್ಟಳು.

"ಅತ್ತೆ, ತುಟಿ ಇದೆ! ಎರಡೂ ಕಡೆ ನೆರಳು ಬಿದ್ದಿದೆ. ಇದು ಬಿರುಕಲ್ಲ, ಯಾರೋ ಕರಣೆಯಲ್ಲಿ ಎಳೆದಿದ್ದು. ಕೆಳಗೆ ಬಂದು ಸೊಟ್ಟಗೆ ತಿರುಗಿದೆ. ಅಲ್ಲೇನೋ ಹಸಿರಾಗಿ ಹೊಳೀತಿದೆ, ಬಾಟಲಿ ಚೂರು ಮೆತ್ತಿದ ಹಾಗೆ..."

ನನ್ನ ಕೈ ನನಗೇ ತಿಳಿಯದೆ ಮೂಗಿಗೆ ಹೋಯಿತು. ಆಗ ನಾನು ಹಸಿರು ಕಲ್ಲಿನ ಮೂಗುಬೊಟ್ಟು ಹಾಕುತ್ತಿದ್ದೆ.

ಸೊಸೆ ಕ್ಯಾಮೆರಾದ ಹಿಂದಿನ ಚಿತ್ರ ನೋಡಿದಳು, ಪಕ್ಕದಿಂದ ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು.

"ಅತ್ತೆ, ಇದು ನಿಮ್ಮ ಮೂಗು."

"ನನ್ನ ಮೂಗು ಎರಡಡಿ ಇದೆಯೇನೇ?"

"ಸ್ವಲ್ಪ ಕಮ್ಮಿ."

ಮುಖವಂತೆ ಮುಖ! ಮೂಗು ಮುಗಿಯುವಷ್ಟರಲ್ಲಿ ಗಾರೆ ಒಣಗಿರಬೇಕು. ಕಣ್ಣಿಲ್ಲ, ಬಾಯಿಲ್ಲ. ಬಾಯಿ ಬರೆಯದೆ ಬಿಟ್ಟಿದ್ದು ಬೇಕೆಂದೇ ಇರಬಹುದು, ಹೇಳಲಾಗದು. ನಕ್ಕು ನಕ್ಕು ನನ್ನ ಕಣ್ಣಲ್ಲಿ ಒಂದು ಟ್ಯಾಂಕು ನೀರು ಬಂತು.

ಸೊಸೆಯೂ ನಕ್ಕಳು. ಆದರೆ ಅವಳು ಎಂಥವಳು ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಬೇರೆ ಯಾರಾಗಿದ್ದರೂ ಅಲ್ಲಿಗೆ ಸಾಕೆಂದು ಗಂಟು ಕಟ್ಟುತ್ತಿದ್ದರು. ಇವಳು ಕಣ್ಣೊರೆಸಿಕೊಂಡು ಮತ್ತೆ ಬಾಗಿದಳು. ಗೇಣು ಗೇಣಾಗಿ ಇಡೀ ಸುತ್ತುಗೋಡೆಯನ್ನು ಎಡದಿಂದ ಬಲಕ್ಕೆ ಸವರಿದಳು, ಕೂಸಿನ ತಲೆಯಲ್ಲಿ ಹೇನು ಹುಡುಕುವ ತಾಯಿಯ ಹಾಗೆ. ಆರು ಗಂಟೆ ದಾಟಿತು. ನಾನು ಮೂರು ಸಲ ಹೊತ್ತಾಯಿತೆಂದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಕೈ ನಿಂತಿತು.

"ಇಲ್ಲಿ ನೋಡಿ. ಮೂಗಿನಿಂದ ಐದಡಿ ಆಚೆ. ಕೂದಲೆಳೆ ಅಷ್ಟೇ. ಇದಕ್ಕೆ ತುಟಿ ಇಲ್ಲ. ಕೆಳಗೆ ತುಕ್ಕು ನೀರು ಇಳಿದಿದೆ." ಅವಳ ದನಿ ತಗ್ಗಿತು. "ಇದು ನಿಜವಾದ್ದು ಅತ್ತೆ."

ಹದಿನಾರು ವರ್ಷ ಬೆರಳಿಟ್ಟು ಕಲಿತದ್ದೆಲ್ಲ ಆ ಹೊತ್ತು ಅವಳ ಕಣ್ಣಿಗೆ ಬಂದು ಕೂತಿತ್ತು.

ನಾವು ಹೋದಾಗ ಅಂಗಡಿಯವನು ಅರ್ಧ ಬಾಗಿಲು ಎಳೆದು ನಿಂತಿದ್ದ. ಸೊಸೆ ಚೀಲವನ್ನು ಕೌಂಟರಿನ ಮೇಲಿಟ್ಟಳು. ಕೈ ಮಾತ್ರ ತೆಗೆಯಲಿಲ್ಲ.

"ಅತ್ತೆ, ಇನ್ನೂ ಆಫೀಸಿನವರು ಒಪ್ಪಬೇಕು. ಒಪ್ಪದಿದ್ರೆ ಲೆನ್ಸೂ ದಂಡ, ರೂಮೂ ಇಲ್ಲ."

"ನೀನು ಕಂಡಿದ್ದು ನಿಜ ತಾನೇ?"

"ನಿಜ."

"ಹಂಗಿದ್ರೆ ಕೈ ತೆಗಿ, ಅವನು ಬಿಲ್ ಬರೀಲಿ. ಅಪ್ಪಾ, ಚೀಲಕ್ಕೆ ಮತ್ತೆ ದುಡ್ಡು ಕೇಳ್ಬೇಡ. ಈ ಅಜ್ಜಿ ಮೂಗು ಎಷ್ಟುದ್ದ ಇದೆ ಗೊತ್ತಾ ನಿಂಗೆ?"

ಶುಕ್ರವಾರ, ವರದಿ ನಿಜವೋ ಎಂದು ನೋಡಲು ಆಫೀಸಿನವನೊಬ್ಬ ಹಗ್ಗ ಕಟ್ಟಿಕೊಂಡು ಹತ್ತಿ, ಸೊಸೆ ಬರೆದ ಜಾಗದಲ್ಲೇ ಬೆರಳಿಟ್ಟ. ಗೇಣು ಆಚೆ ಇಲ್ಲ, ಈಚೆ ಇಲ್ಲ. ಇಷ್ಟು ಬೇಗ ಸಿಕ್ಕಿದ್ದರಿಂದ ಟ್ಯಾಂಕು ಪೂರ್ತಿ ಖಾಲಿ ಮಾಡದೆ, ಅರ್ಧಕ್ಕೆ ಇಳಿಸಿಯೇ ರಿಪೇರಿ ಆಯಿತು. ದೊಡ್ಡವನು ಮೇಜಿನ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ವಾರ ನೋಡಲಿಕ್ಕೆ ಎರಡು ಹೊಗೆ ಕೊಳವೆ ಕೊಟ್ಟಿದ್ದಾನೆ. ವರದಿಯಲ್ಲಿ ಇನ್ನೊಂದು ಸಾಲು ಇದೆ, ಮಗ ಓದಿ ಹೇಳಿದ: "ಪಕ್ಕದಲ್ಲಿರುವುದು ಕಟ್ಟುವಾಗಲೇ ಎಳೆದ ಗೆರೆ, ಇದರಿಂದ ಯಾರಿಗೂ ಅಪಾಯವಿಲ್ಲ." ನನ್ನ ಮೂಗಿನ ಬಗ್ಗೆ ಇಂಥ ಒಳ್ಳೆಯ ಮಾತು ನಮ್ಮವರು ಬದುಕಿದ್ದಾಗಲೂ ಆಡಿರಲಿಲ್ಲ.

ರೂಮು ಆಗಲಿಲ್ಲ. ಸೊಸೆ ಆ ಮೂಗಿನ ಫೋಟೋ ಪ್ರಿಂಟು ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಫ್ರಿಜ್ಜು ಈಗಲೂ ಗೊರಕೆ ಹೊಡೆಯುತ್ತದೆ. ಮೊದಲಾದರೆ ಬೈದುಕೊಂಡು ಮಗ್ಗಲು ಬದಲಿಸುತ್ತಿದ್ದೆ. ಈಗ ಬಾಗಿಲಿಗೊಂದು ಏಟು ಕೊಟ್ಟು, "ಆಯ್ತು ಮಾರಾಯ, ಸುಳ್ಳ ಅಂದಿದ್ದು ತಪ್ಪಾಯ್ತು, ಇನ್ನಾದ್ರೂ ಮಲಗೋಕೆ ಬಿಡು" ಎನ್ನುತ್ತೇನೆ.